ಕಾರಿನ ಜೊತೆಗೇ ಬರುವ ಟಿಪಿಎಂಎಸ್ ತೋರಿಸುವ ಗಾಳಿಯ ಅಳತೆಯನ್ನು ಎಷ್ಟು ನಂಬಬಹುದು?

ವಿ.ಸಿ. ನಾಲೆ, ಮಂಡ್ಯ – ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಕಳೆದ ವರ್ಷ ನಾನು ಕೊಂಡ ಕಾರಿಗೆ ಟೈರಿನ ಗಾಳಿಯ ಒತ್ತಡ ತೋರಿಸುವ ಟಿಪಿಎಂಎಸ್ ವ್ಯವಸ್ಥೆ ಕಂಪನಿಯಿಂದಲೇ ಬಂದಿದೆ. ನಾಲ್ಕು ಚಕ್ರಗಳ ಒತ್ತಡವೂ ಬೇರೆ ಬೇರೆಯಾಗಿ, ಪಿಎಸ್‌ಐ ಲೆಕ್ಕದಲ್ಲಿ, ಸ್ಟೇರಿಂಗ್ ಮುಂದಿನ ಪರದೆಯ ಮೇಲೆ ಕಾಣುತ್ತದೆ. ಚಾಲಕನ ಬಾಗಿಲ ಚೌಕಟ್ಟಿಗೆ ಅಂಟಿಸಿರುವ ಚೀಟಿಯ ಪ್ರಕಾರ ನಾಲ್ಕಕ್ಕೂ 33 ಇರಬೇಕು.

ಮನೆಯ ಹತ್ತಿರದಲ್ಲೇ ಇರುವ ಪೆಟ್ರೋಲ್ ಬಂಕಿಗೆ ಬೆಳಿಗ್ಗೆ ಬಿಸಿಲೇರುವ ಮೊದಲು ಹೋಗಿ, ಅಲ್ಲಿನ ಡಿಜಿಟಲ್ ಯಂತ್ರದಲ್ಲಿ 33 ಎಂದು ಒತ್ತಿ ಗಾಳಿ ಹಿಡಿಸುತ್ತೇನೆ. ಯಂತ್ರ ತನ್ನಷ್ಟಕ್ಕೆ ಸದ್ದು ಮಾಡಿ ನಿಂತ ಮೇಲೆ ಕಾರು ಹೊರಡಿಸಿ ಸ್ವಲ್ಪ ದೂರ ಹೋದರೆ ಪರದೆಯಲ್ಲಿ ಮೂರು ಚಕ್ರಗಳಿಗೆ 32, ಎಡಗಡೆಯ ಹಿಂದಿನ ಚಕ್ರಕ್ಕೆ 31 ಎಂದು ಬರುತ್ತದೆ. ಗಾಳಿ ತುಂಬಿದ ಕೂಡಲೇ ಅಲ್ಲೇ ನಿಂತು ನೋಡಿದರೆ ಹಳೆಯ ಅಂಕಿಯೇ ಇರುತ್ತದೆ, ಕದಲುವುದೇ ಇಲ್ಲ. ಅನುಮಾನ ಬಂದು ಪಕ್ಕದ ರಸ್ತೆಯ ಪಂಕ್ಚರ್ ಅಂಗಡಿಯಲ್ಲಿ ಮುಳ್ಳಿನ ಮೀಟರ್ ಹಿಡಿಸಿದರೆ ಅದು 35 ಎನ್ನುತ್ತದೆ. ಎಕ್ಸ್‌ಪ್ರೆಸ್‌ವೇ ಹಿಡಿದು ಬೆಂಗಳೂರಿನ ಕಡೆಗೆ ಹೊರಟರೆ ಬಿಡದಿ ತಲುಪುವಷ್ಟರಲ್ಲಿ ಪರದೆಯ ಅಂಕಿಯೇ 35ಕ್ಕೆ ಏರಿರುತ್ತದೆ.

ಸರ್ವಿಸ್ ಮಾಡುವವರನ್ನು ಕೇಳಿದಾಗ ಇದು ಸಹಜ ಎಂದರೇ ಹೊರತು ಏಕೆ ಸಹಜ ಎಂದು ಯಾರೂ ಹೇಳಲಿಲ್ಲ. ವಯಸ್ಸಾದ ತಂದೆ ತಾಯಿಯನ್ನೂ ಮಕ್ಕಳನ್ನೂ ಕೂರಿಸಿಕೊಂಡು ಹೆದ್ದಾರಿಯಲ್ಲಿ ಹೋಗುವವನಿಗೆ ಟೈರಿನ ವಿಷಯ ಸಣ್ಣದಲ್ಲ. ಮೂರು ಕಡೆ ಮೂರು ಅಂಕಿ ಬಂದಾಗ ಯಾವುದನ್ನು ನಂಬಬೇಕು, ಪರದೆ ತೋರಿಸಿದ್ದಕ್ಕೆ ಸರಿಯಾಗಿ ಇನ್ನೂ ಒಂದು ಪಿಎಸ್‌ಐ ತುಂಬಿಸಬೇಕೇ, ಎಚ್ಚರಿಕೆಯ ದೀಪ ಹೊತ್ತುವವರೆಗೆ ಏನೂ ನೋಡದೆ ಇದ್ದರೆ ಸಾಕೇ ಎಂಬುದನ್ನು ತಿಳಿದವರು ಹೇಳಬೇಕೆಂದು ಕೋರುತ್ತೇನೆ.


ಅಳತೆಮನೆ, ಮೈಸೂರು – ಉತ್ತರ

ಪ್ರತಿ ಚಕ್ರಕ್ಕೂ ಬೇರೆ ಬೇರೆ ಅಂಕಿ ಕಾಣುತ್ತದೆ ಎಂದಿರುವುದರಿಂದ ನಿಮ್ಮದು ನೇರವಾಗಿ ಅಳೆಯುವ ಬಗೆಯ ಟಿಪಿಎಂಎಸ್. ಇನ್ನೊಂದು ಬಗೆಯದು ಒತ್ತಡವನ್ನು ಅಳೆಯುವುದೇ ಇಲ್ಲ. ಗಾಳಿ ಕಡಿಮೆಯಾದ ಟೈರಿನ ಸುತ್ತಳತೆ ಕೊಂಚ ಕುಗ್ಗಿ, ಅದು ಉಳಿದವಕ್ಕಿಂತ ವೇಗವಾಗಿ ತಿರುಗುವುದನ್ನು ಎಬಿಎಸ್ ಬ್ರೇಕಿನ ಚಕ್ರವೇಗದ ಸೆನ್ಸರ್‌ಗಳಿಂದ ಊಹಿಸಿ ದೀಪ ಹೊತ್ತಿಸುತ್ತದೆ, ಅಷ್ಟೇ. ನಾಲ್ಕೂ ಟೈರುಗಳಲ್ಲಿ ಸಮನಾಗಿ ಗಾಳಿ ಇಳಿದರೆ ಅಂಥ ಸರಳ ವ್ಯವಸ್ಥೆಗೆ ಗೊತ್ತಾಗುವುದು ಕಷ್ಟ. ನಿಮಗೆ ಆ ತೊಂದರೆ ಇಲ್ಲ.

ನಿಮ್ಮ ಕಾರಿನ ಪ್ರತಿ ಚಕ್ರದ ಒಳಗೂ, ವಾಲ್ವಿನ ಬುಡಕ್ಕೆ ಸೇರಿದಂತೆ, ಒಂದು ಪುಟ್ಟ ಪೆಟ್ಟಿಗೆ ಇರುತ್ತದೆ. ಅದರೊಳಗೆ ಒತ್ತಡಕ್ಕೆ ಬಾಗುವ ಸಿಲಿಕಾನ್ ಪೊರೆಯುಳ್ಳ ಚಿಪ್, ಉಷ್ಣತೆ ಅಳೆಯುವ ಭಾಗ, ಚಕ್ರ ತಿರುಗುತ್ತಿದೆಯೇ ಎಂದು ತಿಳಿಯುವ ಭಾಗ, ಲಿಥಿಯಂ ಬ್ಯಾಟರಿ ಮತ್ತು ನಮ್ಮ ದೇಶದಲ್ಲಿ ಸಾಮಾನ್ಯವಾಗಿ 433 ಮೆಗಾಹರ್ಟ್ಸ್‌ನಲ್ಲಿ ಸಂದೇಶ ಕಳಿಸುವ ರೇಡಿಯೋ ಇರುತ್ತವೆ. ನಾವು ಓಡಾಡುವ ಸಾಧಾರಣ ಉಷ್ಣತೆಯಲ್ಲಿ ಇಂಥ ಚಿಪ್‌ಗಳ ನಿಖರತೆ ಸುಮಾರು 7 ಕಿಲೋಪಾಸ್ಕಲ್ ಆಚೀಚೆ, ಅಂದರೆ 1 ಪಿಎಸ್‌ಐ ಹೆಚ್ಚು ಕಡಿಮೆ. ಕೊರೆಯುವ ಚಳಿಯಲ್ಲಿ ಅಥವಾ ಬಹಳ ಕಾವು ಏರಿದಾಗ ಆ ಅಂತರ ಇನ್ನಷ್ಟು ಹಿಗ್ಗುತ್ತದೆ. ಅದರ ಮೇಲೆ ಪರದೆ ದಶಾಂಶವನ್ನು ಬಿಟ್ಟು ಹತ್ತಿರದ ಪೂರ್ಣ ಅಂಕಿಯನ್ನಷ್ಟೇ ತೋರಿಸುವುದರಿಂದ, ಒಳಗೆ 31.6 ಇದ್ದದ್ದು 32 ಆಗಿಯೂ 31.4 ಇದ್ದದ್ದು 31 ಆಗಿಯೂ ಕಾಣಬಹುದು. ನಿಮ್ಮ ಎಡ ಹಿಂದಿನ ಚಕ್ರಕ್ಕೂ ಉಳಿದವಕ್ಕೂ ಕಾಣುವ ಒಂದು ಪಿಎಸ್‌ಐ ವ್ಯತ್ಯಾಸದಲ್ಲಿ ನಿಜವಾದ ವ್ಯತ್ಯಾಸ ತೀರ ಕಡಿಮೆ ಇದ್ದೀತು.

ಇನ್ನು ಬಿಡದಿಯ ಹೊತ್ತಿಗೆ 35 ಆಗುವುದು. ಟೈರಿನೊಳಗೆ ಸೆರೆಯಾದ ಗಾಳಿ ಬಿಸಿಯಾದರೆ ಒತ್ತಡ ಏರಲೇಬೇಕು. 33 ಪಿಎಸ್‌ಐ ಸುತ್ತಮುತ್ತ ಪ್ರತಿ 10 ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 1.5 ಪಿಎಸ್‌ಐ ಹೆಚ್ಚುತ್ತದೆ. ಬೆಳಿಗ್ಗೆ 24 ಡಿಗ್ರಿ ಇದ್ದ ಟೈರು ಹೆದ್ದಾರಿಯ ವೇಗಕ್ಕೆ 44 ಡಿಗ್ರಿಗೆ ಬಂದರೆ 3 ಪಿಎಸ್‌ಐ ಏರಿಕೆ ಸರಿಯಾದ ಲೆಕ್ಕವೇ. ಸೆನ್ಸರ್ ಇಲ್ಲಿ ಸುಳ್ಳು ಹೇಳುತ್ತಿಲ್ಲ. ಚೀಟಿಯಲ್ಲಿರುವ 33 ಎಂಬುದು ತಣ್ಣಗಿರುವ ಟೈರಿನ ಅಳತೆ, ಅಂದರೆ ಕಾರು ಮೂರು ನಾಲ್ಕು ಗಂಟೆ ನೆರಳಿನಲ್ಲಿ ನಿಂತಿದ್ದ ಮೇಲಿನ ಅಳತೆ. ಬಿಸಿಯಾದಾಗ ಏರುವುದನ್ನು ಲೆಕ್ಕಕ್ಕೆ ತೆಗೆದುಕೊಂಡೇ ಕಾರಿನವರು ಆ ಅಂಕಿ ಕೊಟ್ಟಿರುತ್ತಾರೆ. ದಾರಿಯಲ್ಲಿ 35, 36 ಕಂಡಿತೆಂದು ಗಾಳಿ ಬಿಡಿಸಬೇಡಿ. ಮರುದಿನ ಬೆಳಿಗ್ಗೆ ಅದೇ ಟೈರು 30ಕ್ಕೆ ಕುಸಿದಿರುತ್ತದೆ. ನೈಟ್ರೋಜನ್ ತುಂಬಿಸಿದರೆ ಹೀಗೆ ಏರುವುದಿಲ್ಲ ಎಂದು ಹೇಳುವವರಿದ್ದಾರೆ. ನಾವು ತುಂಬಿಸುವ ಮಾಮೂಲಿ ಗಾಳಿಯಲ್ಲೇ ನೂರಕ್ಕೆ 78 ಪಾಲು ನೈಟ್ರೋಜನ್ ಇದೆ ಮತ್ತು ಕಾವಿಗೆ ಎರಡೂ ಹೆಚ್ಚುಕಡಿಮೆ ಒಂದೇ ರೀತಿ ಹಿಗ್ಗುತ್ತವೆ.

ನಾನು ಮುಖ್ಯವಾಗಿ ಹೇಳಬೇಕೆಂದುಕೊಂಡದ್ದು ಮುಂದಿನ ಮಾತು, ಏಕೆಂದರೆ ಬಯಲುಸೀಮೆಯ ಎತ್ತರದಲ್ಲಿ ಕಾರು ಓಡಿಸುವ ನಮ್ಮಂಥವರಿಗೆ ಇದು ನಿತ್ಯವೂ ಎದುರಾಗುತ್ತದೆ, ಆದರೂ ಯಾರೂ ವಿವರಿಸುವುದಿಲ್ಲ. ಬಂಕಿನ ಮೀಟರ್ ಆಗಲಿ ಪಂಕ್ಚರ್ ಅಂಗಡಿಯ ಮೀಟರ್ ಆಗಲಿ ಅಳೆಯುವುದು ಹೊರಗಿನ ವಾತಾವರಣಕ್ಕಿಂತ ಟೈರಿನೊಳಗೆ ಎಷ್ಟು ಹೆಚ್ಚು ಒತ್ತಡವಿದೆ ಎಂಬುದನ್ನು. ಚಕ್ರದೊಳಗೆ ಕುಳಿತ ಸೆನ್ಸರ್‌ಗೆ ಹೊರಗಿನ ವಾತಾವರಣ ತಿಳಿಯುವ ದಾರಿಯೇ ಇಲ್ಲ. ಅದು ಒಳಗಿರುವ ಒಟ್ಟು ಒತ್ತಡವನ್ನು ಅಳೆದು ಕಳಿಸುತ್ತದೆ, ಅದರಿಂದ ವಾತಾವರಣದ ಪಾಲನ್ನು ಕಳೆಯಬೇಕಾದ ಕೆಲಸ ಮುಂದಿನದು. ಕೆಲವು ಕಾರುಗಳು ಎಂಜಿನ್ನಿಗೆಂದು ಇರುವ ವಾಯುಭಾರದ ಸೆನ್ಸರ್‌ನಿಂದ ಆಯಾ ಊರಿನ ನಿಜವಾದ ಅಂಕಿಯನ್ನು ಪಡೆದು ಕಳೆಯುತ್ತವೆ. ಇನ್ನು ಕೆಲವು ವ್ಯವಸ್ಥೆಗಳು ಸಮುದ್ರಮಟ್ಟದ 101.3 ಕಿಲೋಪಾಸ್ಕಲ್ ಅನ್ನೇ ಎಲ್ಲ ಊರಿನಲ್ಲೂ ಕಳೆದುಬಿಡುತ್ತವೆ. ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದ್ದು ಇಲ್ಲಿನ ವಾಯುಭಾರ 92.4 ಕಿಲೋಪಾಸ್ಕಲ್ ಆಸುಪಾಸು ಇರುತ್ತದೆ. ಹೀಗೆ ಸುಮಾರು 9 ಕಿಲೋಪಾಸ್ಕಲ್ ಹೆಚ್ಚಾಗಿ ಕಳೆದಂತಾಗಿ ಪರದೆಯ ಅಂಕಿ ಸರಿಯಾದ ಮೀಟರಿಗಿಂತ 1.3 ಪಿಎಸ್‌ಐ ಕಡಿಮೆ ತೋರುತ್ತದೆ. ಮಂಡ್ಯ ಇನ್ನೂ ಸ್ವಲ್ಪ ತಗ್ಗಿನಲ್ಲಿರುವುದರಿಂದ ಅಲ್ಲಿ ಇದು 1.1 ಆಗಬಹುದು. ಬಂಕಿನಲ್ಲಿ 33 ಹಿಡಿಸಿದ್ದು ಪರದೆಯಲ್ಲಿ 32 ಎಂದು ಕಾಣುವುದಕ್ಕೆ ಇದೊಂದೇ ಸಾಕು. ನಿಮ್ಮ ಕಾರು ಯಾವ ಗುಂಪಿಗೆ ಸೇರಿದ್ದು ಎಂದು ತಿಳಿಯಬೇಕಿದ್ದರೆ ಮುಂದೆ ಮಂಗಳೂರಿಗೋ ಉಡುಪಿಗೋ ಹೋದಾಗ ನಿಮ್ಮದೇ ಮೀಟರನ್ನು ಜೊತೆಯಲ್ಲಿ ಒಯ್ದು ಬೆಳಗಿನ ಹೊತ್ತು ಅಲ್ಲಿ ಹೋಲಿಸಿ ನೋಡಿ. ಕಡಲ ತೀರದಲ್ಲಿ ಈ ಅಂತರ ಮಾಯವಾದರೆ ಉತ್ತರ ಸಿಕ್ಕಂತೆ.

ನಿಂತಲ್ಲೇ ಅಂಕಿ ಕದಲದಿರುವುದು ದೋಷವಲ್ಲ. ಬ್ಯಾಟರಿ ವರ್ಷಗಟ್ಟಲೆ ಬಾಳಬೇಕಾದ್ದರಿಂದ ಕಾರು ನಿಂತಾಗ ಸೆನ್ಸರ್ ಹೆಚ್ಚುಕಡಿಮೆ ಮಲಗಿರುತ್ತದೆ. ಚಕ್ರ ತಿರುಗಲು ಆರಂಭಿಸಿದ ಮೇಲೆ ನಿಮಿಷಕ್ಕೊಮ್ಮೆಯೋ ಅದಕ್ಕಿಂತ ಕೊಂಚ ಬೇಗನೆಯೋ ಅಂಕಿ ಕಳಿಸುತ್ತದೆ.


ಹಳೆಯ ಹೂಟಗಳ್ಳಿ, ಮೈಸೂರು – ಉತ್ತರ

ಅಳತೆಮನೆಯವರ ವಿವರಣೆ ಸರಿಯಾಗಿದೆ. ಸೆನ್ಸರ್‌ನ ಪಕ್ಕದಲ್ಲಿ ಹೋಲಿಸುತ್ತಿರುವ ಮೀಟರುಗಳ ಗುಣವನ್ನೂ ನೋಡದೆ ಹೋದರೆ ಮಾತು ಅರ್ಧಕ್ಕೇ ನಿಲ್ಲುತ್ತದೆ ಎಂದು ಈ ಕೆಳಗಿನದನ್ನು ಬರೆಯುತ್ತಿದ್ದೇನೆ. ನಾನು ದುಡಿದದ್ದು ಟೈರ್ ಕಾರ್ಖಾನೆಯ ಮೀಟರುಗಳನ್ನು ಪರೀಕ್ಷಿಸುವ ವಿಭಾಗದಲ್ಲಿ. 1997ರಲ್ಲಿ ಜೆ.ಕೆ. ಟೈರ್ ಕೈಗೆ ಹೋದ ಮೇಲೂ ನಮ್ಮ ಊರಿನ ಹಳಬರು ವಿಕ್ರಾಂತ್ ಎಂದೇ ಕರೆಯುವ ಕಾರ್ಖಾನೆ ಇರುವ ಊರಿದು, ಇಲ್ಲಿ ಟೈರಿನ ಮಾತು ತೆಗೆದರೆ ಪ್ರತಿ ಬೀದಿಯಲ್ಲೂ ಒಬ್ಬರು ತಿಳಿದವರು ಸಿಗುತ್ತಾರೆ.

ಮುಳ್ಳಿನ ಮೀಟರಿನ ಹಿಂಬದಿ ಬಿಚ್ಚಿದರೆ ಒಳಗೆ ಬಿಲ್ಲಿನ ಆಕಾರಕ್ಕೆ ಬಗ್ಗಿಸಿದ ಚಪ್ಪಟೆ ಹಿತ್ತಾಳೆಯ ಕೊಳವೆಯೊಂದು ಕಾಣುತ್ತದೆ. ಗಾಳಿ ಒಳನುಗ್ಗಿದಾಗ ಆ ಕೊಳವೆ ಕೂದಲೆಳೆಯಷ್ಟು ನೆಟ್ಟಗಾಗಲು ನೋಡುತ್ತದೆ, ಅದರ ತುದಿಗೆ ಕಟ್ಟಿದ ಸಣ್ಣ ಹಲ್ಲಿನ ಚಕ್ರ ಮುಳ್ಳನ್ನು ತಿರುಗಿಸುತ್ತದೆ. ಅಂಗಡಿಯ ನೆಲಕ್ಕೆ ದಿನಕ್ಕೆ ನಾಲ್ಕು ಬಾರಿ ಬೀಳುವ ಮೀಟರಿನಲ್ಲಿ ಆ ಹಲ್ಲುಗಳು ಸವೆದು ಒಂದು ಮನೆ ಆಚೀಚೆ ಕೂತರೂ ಮುಳ್ಳು ಶಾಶ್ವತವಾಗಿ ಒಂದೆರಡು ಪಿಎಸ್‌ಐ ಸರಿದುಬಿಡುತ್ತದೆ. ಇದಕ್ಕಿಂತ ದೊಡ್ಡ ಸಂಗತಿ ಎಂದರೆ, ಇಂಥ ಮೀಟರಿನ ನಿಖರತೆಯನ್ನು ಅದು ಅಳೆಯಬಲ್ಲ ಗರಿಷ್ಠ ಒತ್ತಡದ ಶೇಕಡಾವಾರು ಲೆಕ್ಕದಲ್ಲಿ ಹೇಳುತ್ತಾರೆ. ಪಂಕ್ಚರ್ ಅಂಗಡಿಯವರು ಲಾರಿಗೂ ಟ್ರ್ಯಾಕ್ಟರಿಗೂ ಗಾಳಿ ಹಿಡಿಯಬೇಕಾದವರು. ಲಾರಿಯ ಟೈರಿಗೆ 100ರಿಂದ 120 ಪಿಎಸ್‌ಐ ಬೇಕಾಗುವುದರಿಂದ ಅವರ ಮೀಟರ್ 200 ಪಿಎಸ್‌ಐವರೆಗೂ ಇರುವುದುಂಟು. ಶೇಕಡಾ 2ರ ನಿಖರತೆಯ 200 ಪಿಎಸ್‌ಐ ಮೀಟರ್ ಎಂದರೆ ಯಾವ ಅಂಕಿಯಲ್ಲಿ ನೋಡಿದರೂ 4 ಪಿಎಸ್‌ಐ ಆಚೀಚೆ ಇರಲು ಅದಕ್ಕೆ ಅವಕಾಶವಿದೆ. ಅದರಲ್ಲಿ ಕಾರಿನ ಟೈರನ್ನು ಅಳೆಯುವುದು ಕಬ್ಬಿನ ಲಾರಿ ತೂಗುವ ವೇಬ್ರಿಡ್ಜಿನ ಮೇಲೆ ಬೆಲ್ಲದ ಅಚ್ಚನ್ನಿಟ್ಟು ತೂಗಿದಂತೆ. ಅದು 35 ಎಂದಿತೆಂದರೆ 31ರಿಂದ 39ರ ನಡುವೆ ಎಲ್ಲಿಯಾದರೂ ಇರಬಹುದು ಎಂದಷ್ಟೇ ಅರ್ಥ. ಅಂಗಡಿಯವರ ತಪ್ಪು ಇದರಲ್ಲಿ ಏನೂ ಇಲ್ಲ, ಅವರ ಮೀಟರ್ ಬೇರೆ ಕೆಲಸಕ್ಕೆ ತಂದದ್ದು.

ಬಂಕಿನ ಡಿಜಿಟಲ್ ಯಂತ್ರ ಇದಕ್ಕಿಂತ ಮೇಲು, ಆದರೆ ಅದೂ ನಿಯತವಾಗಿ ಪರೀಕ್ಷೆಗೆ ಒಳಪಟ್ಟಾಗ ಮಾತ್ರ. ಪಿಸ್ಟನ್ ಮೇಲೆ ತೂಕದ ಬಿಲ್ಲೆಗಳನ್ನಿಟ್ಟು ಗೊತ್ತಾದ ಒತ್ತಡವನ್ನು ಹುಟ್ಟಿಸುವ ಉಪಕರಣದ ಎದುರು ಹಿಡಿದಾಗಲೇ ಯಾವ ಮೀಟರಿನ ಬಣ್ಣವೂ ಬಯಲಾಗುವುದು. ಉದ್ದನೆಯ ಪೈಪಿನ ತುದಿಯ ನಾಲಗೆ ವಾಲ್ವಿಗೆ ಸರಿಯಾಗಿ ಕೂರದೆ ಸುಯ್ಯೆಂದು ಸೋರುತ್ತಿದ್ದರೆ ಯಂತ್ರ ತಪ್ಪು ಅಂಕಿಯಲ್ಲೇ ನಿಲ್ಲುತ್ತದೆ.

ಹಾಗಾಗಿ ನಿಮ್ಮ ಮೂರು ಅಂಕಿಗಳಲ್ಲಿ ನನ್ನ ಮಟ್ಟಿಗೆ ಹೆಚ್ಚು ನಂಬಿಕೆಗೆ ಅರ್ಹವಾದದ್ದು ಚಕ್ರದೊಳಗಿನ ಸೆನ್ಸರ್ರೇ, ಅದಕ್ಕೆ ಎತ್ತರದ ಆ ಒಂದು ಪಿಎಸ್‌ಐ ಸೇರಿಸಿಕೊಂಡರೆ. ಅದು ಯಾರ ಕೈಯಿಂದಲೂ ಜಾರಿ ಬೀಳುವುದಿಲ್ಲ, ಮತ್ತು ಪ್ರತಿ ದಿನವೂ ಅದೇ ಉಪಕರಣ ಅದೇ ಟೈರನ್ನು ಅಳೆಯುತ್ತದೆ. ಅಳತೆಯಲ್ಲಿ ಸ್ಥಿರವಾದ ಸಣ್ಣ ತಪ್ಪಿದ್ದರೂ ಏರಿಳಿತವನ್ನು ಅದು ನಿಷ್ಠೆಯಿಂದ ಹೇಳುತ್ತದೆ. ಮನೆಯಲ್ಲಿ 60 ಪಿಎಸ್‌ಐ ಮೀರದ ಒಂದು ಒಳ್ಳೆಯ ಕೈಮೀಟರ್ ಇಟ್ಟುಕೊಂಡು, ಬೆಳಿಗ್ಗೆ ಕಾರು ಕದಲಿಸುವ ಮೊದಲು ನಾಲ್ಕೂ ಚಕ್ರಗಳನ್ನು ಅದರಿಂದ ಅಳೆದು, ಹೊರಟ ಕೂಡಲೇ ಪರದೆಯಲ್ಲಿ ಬರುವ ಅಂಕಿಗಳ ಪಕ್ಕದಲ್ಲಿ ಬರೆದಿಡಿ. ಅಂತರ ನಾಲ್ಕರಲ್ಲೂ ಒಂದೇ ರೀತಿ ಇದ್ದರೆ ಅದು ಎತ್ತರದ್ದು ಅಥವಾ ಮೀಟರಿನದ್ದು. ಒಂದೇ ಚಕ್ರದಲ್ಲಿ ಬೇರೆಯಾಗಿದ್ದರೆ ಅದು ಆ ಸೆನ್ಸರ್‌ನದ್ದು. ಕೈಮೀಟರಿನಲ್ಲೂ ಆ ಚಕ್ರವೇ ಕಡಿಮೆ ತೋರಿದರೆ, ಮತ್ತು ವಾರದಿಂದ ವಾರಕ್ಕೆ ಇನ್ನೂ ಇಳಿಯುತ್ತಿದ್ದರೆ, ಎಲ್ಲೋ ಮೊಳೆ ಹೊಕ್ಕಿದೆ ಇಲ್ಲವೇ ವಾಲ್ವ್ ಸೋರುತ್ತಿದೆ. ಕಾರು ಬಿಸಿಲಿನಲ್ಲಿ ನಿಂತಿದ್ದಾಗ ಮಾತ್ರ ಈ ಹೋಲಿಕೆ ಮಾಡಬೇಡಿ. ಬಿಸಿಲು ಬಿದ್ದ ಕಡೆಯ ಎರಡು ಚಕ್ರಗಳು ನೆರಳಿನ ಕಡೆಯವಕ್ಕಿಂತ ಒಂದೆರಡು ಪಿಎಸ್‌ಐ ಹೆಚ್ಚು ತೋರುವುದು ಸಾಮಾನ್ಯ.

ಎಚ್ಚರಿಕೆಯ ದೀಪವನ್ನೇ ನಂಬಿ ಕೂರಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಹಾಗೆ ಮಾಡಬೇಡಿ. ಅಮೆರಿಕದಲ್ಲಿ ಫೈರ್‌ಸ್ಟೋನ್ ಟೈರುಗಳ ಅಪಘಾತಗಳ ನಂತರ 2000ರಲ್ಲಿ ಕಾಯ್ದೆ ಬಂದು, 2007ರ ಸೆಪ್ಟೆಂಬರ್‌ನಿಂದ ಎಲ್ಲ ಹೊಸ ಕಾರುಗಳಿಗೂ ಈ ವ್ಯವಸ್ಥೆ ಕಡ್ಡಾಯವಾಯಿತು. ಅಲ್ಲಿನ ನಿಯಮ ಕೇಳುವುದು ಚೀಟಿಯ ಅಂಕಿಗಿಂತ ಶೇಕಡಾ 25ರಷ್ಟು ಇಳಿದಾಗ 20 ನಿಮಿಷದೊಳಗೆ ದೀಪ ಹೊತ್ತಬೇಕೆಂದು. ಐರೋಪ್ಯ ಒಕ್ಕೂಟದಲ್ಲಿ 2014ರ ನವೆಂಬರ್‌ನಿಂದ ಎಲ್ಲ ಹೊಸ ಕಾರುಗಳಿಗೂ ಕಡ್ಡಾಯವಾದಾಗ ಆ ಮಿತಿ ಶೇಕಡಾ 20. ನಿಮ್ಮ 33ಕ್ಕೆ ಇದನ್ನು ಅನ್ವಯಿಸಿದರೆ ಒಂದು ಲೆಕ್ಕದಲ್ಲಿ 25ಕ್ಕೆ, ಇನ್ನೊಂದರಲ್ಲಿ 26ಕ್ಕೆ ಇಳಿಯುವವರೆಗೂ ದೀಪ ಹೊತ್ತದೆ ಇರಬಹುದು. 27 ಪಿಎಸ್‌ಐ ಇರುವ ಟೈರಿನಲ್ಲಿ ತುಂಬು ಸಂಸಾರವನ್ನು ಕೂರಿಸಿಕೊಂಡು ಬೇಸಿಗೆಯ ಮಧ್ಯಾಹ್ನ ಎಕ್ಸ್‌ಪ್ರೆಸ್‌ವೇಯಲ್ಲಿ ನೂರರ ವೇಗದಲ್ಲಿ ಹೋದರೆ ಟೈರಿನ ಪಕ್ಕೆಗಳು ಪ್ರತಿ ಸುತ್ತಿಗೂ ಅತಿಯಾಗಿ ಮಡಚಿ ಬಿಚ್ಚುತ್ತ ಒಳಗಿನ ರಬ್ಬರು ಕಾಯುತ್ತದೆ. ಟೈರು ಒಡೆಯುವುದರ ಮೂಲ ಬಹಳ ಸಲ ಹೀಗೆ ಕಾದ ಪಕ್ಕೆಯಲ್ಲೇ ಇರುತ್ತದೆ. ದೀಪ ಇರುವುದು ದಾರಿಯ ನಡುವೆ ಮೊಳೆ ಹೊಕ್ಕಾಗ ನಿಮ್ಮನ್ನು ಉಳಿಸಲು. ತಿಂಗಳಿಗೆರಡು ಬಾರಿ ಬೆಳಿಗ್ಗೆ ಅಂಕಿ ನೋಡುವ ಕೆಲಸ ನಮ್ಮದಾಗಿಯೇ ಉಳಿಯುತ್ತದೆ.


ವಿ.ಸಿ. ನಾಲೆ, ಮಂಡ್ಯ

ಇಬ್ಬರಿಗೂ ತುಂಬು ಹೃದಯದ ಧನ್ಯವಾದಗಳು. ಕೈಮೀಟರ್ ತರಿಸುತ್ತಿದ್ದೇನೆ. ಇದಕ್ಕೆ ಸೇರಿದ ಇನ್ನೊಂದು ಸಂಶಯವಿದೆ. ಮುಂದಿನ ತಿಂಗಳು ಮನೆಯವರೆಲ್ಲ ಊಟಿಗೆ ಹೋಗಬೇಕೆಂದಿದ್ದೇವೆ. ಅಷ್ಟು ಎತ್ತರಕ್ಕೆ ಹೋದಾಗ ಪರದೆಯ ಅಂಕಿ ಇನ್ನೂ ಕೆಡುತ್ತದೆಯೇ, ಮತ್ತು ಹೊರಡುವ ಮೊದಲು ಗಾಳಿಯನ್ನು ಕಡಿಮೆ ಮಾಡಿಕೊಳ್ಳಬೇಕೇ? ಹಾಗೆ ಮಾಡಬೇಕೆಂದು ನೆಂಟರೊಬ್ಬರು ಹೇಳಿದ್ದಾರೆ.


ಬಂಡೀಪುರದ ದಾರಿ, ನಂಜನಗೂಡು – ಉತ್ತರ

ಸರ್, ನಾನು ಮೈಸೂರಿನಿಂದ ಊಟಿಗೆ ಪ್ರವಾಸಿಗರನ್ನು ಕರೆದೊಯ್ಯುವ ಟ್ಯಾಕ್ಸಿಯ ಚಾಲಕ. ನೀವು ಕೇಳಿದ ಸಂಗತಿಯನ್ನು ಚಳಿಗಾಲದುದ್ದಕ್ಕೂ ಕಾಣುತ್ತೇನೆ. ಬಂಡೀಪುರದ ರಸ್ತೆಯನ್ನು ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚುವುದರಿಂದ ಹೆಚ್ಚಿನವರು ಊಟಿಯಲ್ಲೇ ತಂಗುತ್ತಾರೆ. ರಾತ್ರಿಯಿಡೀ ಹೊರಗೆ ನಿಂತ ಕಾರನ್ನು ಡಿಸೆಂಬರ್ ತಿಂಗಳ ಬೆಳಗಿನಲ್ಲಿ ಹೊರಡಿಸಿದರೆ, ಮೈಸೂರಿನಲ್ಲಿ 32 ತೋರಿಸುತ್ತಿದ್ದ ಪರದೆ ಅಲ್ಲಿ 28, 29 ಎಂದು ತೋರಿಸುತ್ತದೆ. ಸ್ವಂತ ಕಾರಿನಲ್ಲಿ ಬಂದವರು ಅದನ್ನು ಕಂಡು ಗಾಬರಿಯಾಗಿ, ನಾಲ್ಕೂ ಟೈರು ಪಂಕ್ಚರ್ ಆಗಿದೆಯೇನೋ ಎಂದು ಹೋಟೆಲಿನ ಅಂಗಳದಲ್ಲಿ ಕೂತು ನೋಡುತ್ತಿರುತ್ತಾರೆ. ಕೆಲವರು ಸೀದಾ ಬಂಕಿಗೆ ಹೋಗಿ ಪರದೆಯಲ್ಲಿ 33 ಬರುವವರೆಗೂ ತುಂಬಿಸುತ್ತಾರೆ. ಪರದೆ 28, 29 ತೋರುವಾಗಲೇ ನನ್ನ ಕೈಮೀಟರ್ ಹಿಡಿದರೆ ಅದೇ ಟೈರಿನಲ್ಲಿ 32 ಇರುತ್ತದೆ, ಆದ್ದರಿಂದ ನಾನು ಏನನ್ನೂ ಸೇರಿಸುವುದಿಲ್ಲ.

ಗಾಳಿ ಕಡಿಮೆ ಮಾಡಿಕೊಂಡು ಘಟ್ಟ ಹತ್ತುವುದು ಮಾತ್ರ ಬೇಡ ಸರ್. ತಿರುವುಗಳಲ್ಲಿ ಗಾಡಿಯ ಭಾರವೆಲ್ಲ ಹೊರಗಿನ ಚಕ್ರದ ಮೇಲೆ ಬೀಳುತ್ತದೆ, ಗಾಳಿ ಕಡಿಮೆ ಇದ್ದರೆ ಟೈರು ಮಗ್ಗುಲಿಗೆ ವಾಲುತ್ತದೆ. ನಿಮ್ಮ ಮನೆಯವರೆಲ್ಲ ಸಾಮಾನು ಸಮೇತ ಹೊರಟಿರುವುದರಿಂದ, ಬಾಗಿಲ ಚೀಟಿಯಲ್ಲಿ ತುಂಬಿದ ಗಾಡಿಗೆಂದು ಇನ್ನೊಂದು ಹೆಚ್ಚಿನ ಅಂಕಿ ಕೊಟ್ಟಿದ್ದರೆ ಅದನ್ನೇ ಹಿಡಿಸಿ. ಗೂಡಲೂರು ಕಡೆಗೆ ಇಳಿಯುವಾಗ ಬ್ರೇಕಿನ ಕಾವು ರಿಮ್ಮಿಗೆ ಹತ್ತಿ ಮುಂದಿನ ಎರಡು ಚಕ್ರಗಳ ಅಂಕಿ ಹಿಂದಿನವಕ್ಕಿಂತ ಬೇಗ ಏರುವುದನ್ನು ಪರದೆಯಲ್ಲೇ ನೋಡಬಹುದು. ಹಾಗೆ ಏರಿತೆಂದರೆ ಗೇರು ಇಳಿಸಿ ಎಂಜಿನ್ನಿನ ಹಿಡಿತದಲ್ಲಿ ಇಳಿಯಬೇಕು ಎಂದು ನಾನು ತಿಳಿಯುತ್ತೇನೆ.


ಅಳತೆಮನೆ, ಮೈಸೂರು – ಉತ್ತರ

ಬಂಡೀಪುರದ ದಾರಿಯವರು ಕೊಟ್ಟ ಅಂಕಿಗಳು ಲೆಕ್ಕಕ್ಕೆ ಎಷ್ಟು ಚೆನ್ನಾಗಿ ಹೊಂದುತ್ತವೆ ಎಂದು ನೋಡಿ. ಮೈಸೂರಿನಲ್ಲಿ 28 ಡಿಗ್ರಿ ಉಷ್ಣತೆಯಲ್ಲಿ ಸರಿಯಾದ ಕೈಮೀಟರಿನಿಂದ 33 ಪಿಎಸ್‌ಐ ತುಂಬಿಸಿದ್ದೇವೆ ಎಂದುಕೊಳ್ಳೋಣ. ಅದು 227.5 ಕಿಲೋಪಾಸ್ಕಲ್, ಮೈಸೂರಿನ ವಾಯುಭಾರ 92.4 ಸೇರಿಸಿದರೆ ಟೈರಿನೊಳಗಿನ ಒಟ್ಟು ಒತ್ತಡ ಸುಮಾರು 320. ಊಟಿಯ ಬೆಳಗಿನ 8 ಡಿಗ್ರಿಗೆ ಅದೇ ಗಾಳಿ ತಣಿದಾಗ ಒಟ್ಟು ಒತ್ತಡ 299ರ ಹತ್ತಿರ ಬರುತ್ತದೆ. ಸಮುದ್ರಮಟ್ಟದ 101.3 ಅನ್ನೇ ಕಳೆಯುವ ಪರದೆ 28.6 ಪಿಎಸ್‌ಐ ತೋರಿಸುತ್ತದೆ. ಊಟಿ ಇರುವುದು ಸುಮಾರು 2,240 ಮೀಟರ್ ಎತ್ತರದಲ್ಲಿ, ಅಲ್ಲಿನ ನಿಜವಾದ ವಾಯುಭಾರ 77 ಕಿಲೋಪಾಸ್ಕಲ್ ಮಾತ್ರ. ಆದ್ದರಿಂದ ಕೈಮೀಟರ್ 32 ಎನ್ನುತ್ತದೆ. ಒಂದೇ ಟೈರಿನ ಬಗ್ಗೆ ಪರದೆಯೂ ಕೈಮೀಟರೂ ಮೂರೂವರೆ ಪಿಎಸ್‌ಐ ಅಂತರದ ಮಾತಾಡುವುದು ಹೀಗೆ. ಸ್ಥಳೀಯ ವಾಯುಭಾರವನ್ನು ತಿಳಿದು ಕಳೆಯುವ ಕಾರುಗಳಲ್ಲಿ ಪರದೆಯೂ 32ರ ಹತ್ತಿರವೇ ಇರುತ್ತದೆ.

ಟೈರಿನ ದೇಹ ಅನುಭವಿಸುವುದು ಒಳಗಿನ ಮತ್ತು ಹೊರಗಿನ ಒತ್ತಡಗಳ ವ್ಯತ್ಯಾಸವನ್ನು, ಆದ್ದರಿಂದ ಇಲ್ಲಿ ಕೈಮೀಟರಿನ ಮಾತೇ ನಡೆಯಬೇಕು. ಎತ್ತರದಿಂದ ಒತ್ತಡ ಕೊಂಚ ಏರುತ್ತದೆ, ಚಳಿಯಿಂದ ಕೊಂಚ ಇಳಿಯುತ್ತದೆ. ಎರಡೂ ಸೇರಿ ಬಹುಪಾಲು ಒಂದನ್ನೊಂದು ತಿಂದುಹಾಕುತ್ತವೆ. ನಿಮ್ಮ ನೆಂಟರು ಹೇಳಿದಂತೆ ಗಾಳಿ ಇಳಿಸಿಕೊಂಡು ಹೊರಡುವ ಅಗತ್ಯ ಇಲ್ಲದಿರುವುದು ಇದಕ್ಕೇ.

ಅಲ್ಲಿ ಪರದೆಯನ್ನು ನಂಬಿ 33 ಬರುವವರೆಗೂ ತುಂಬಿಸಿದವರ ಗತಿಯನ್ನೂ ಲೆಕ್ಕ ಹಾಕಿದೆ. ಅವರು ಮೈಸೂರಿಗೆ ಮರಳಿ 28 ಡಿಗ್ರಿಯಲ್ಲಿ ಟೈರು ತಣ್ಣಗಾದ ಮೇಲೆ ಅಳೆದರೂ ಸುಮಾರು 37.7 ಪಿಎಸ್‌ಐ ಇರುತ್ತದೆ, ಹೆದ್ದಾರಿಯಲ್ಲಿ ಕಾವೇರಿದಾಗ 40 ದಾಟುತ್ತದೆ. ಟೈರಿನ ಪಕ್ಕೆಯ ಮೇಲೆ ಬರೆದಿರುವ ಗರಿಷ್ಠ ಒತ್ತಡ ಸಾಮಾನ್ಯವಾಗಿ 44 ಅಥವಾ 51 ಪಿಎಸ್‌ಐ ಇರುವುದರಿಂದ ಕೂಡಲೇ ಒಡೆಯುವ ಭಯವಿಲ್ಲ. ಆದರೆ ಟೈರಿನ ನಡುಭಾಗವಷ್ಟೇ ರಸ್ತೆಗೆ ಒತ್ತಿಕೊಂಡು, ಒದ್ದೆ ರಸ್ತೆಯಲ್ಲಿ ಬ್ರೇಕಿನ ಹಿಡಿತ ಕಡಿಮೆಯಾಗುತ್ತದೆ.


ಟೈರ್ ಅಂಗಡಿ, ಶ್ರೀರಂಗಪಟ್ಟಣ – ಉತ್ತರ

ಇಲ್ಲಿ ಬಂದ ಮಾತುಗಳೆಲ್ಲ ಸೆನ್ಸರ್ ಆರೋಗ್ಯವಾಗಿದ್ದಾಗಿನವು. ಅದು ಕೆಡುವುದು ಬಹುತೇಕ ನಮ್ಮಂಥ ಅಂಗಡಿಗಳಲ್ಲೇ, ಟೈರು ಬಿಚ್ಚುವಾಗ. ಆದ್ದರಿಂದ ನಮ್ಮ ಕಡೆಯ ಕೆಲವು ಸಂಗತಿಗಳನ್ನು ಹೇಳುತ್ತೇನೆ.

ಯಾವ ಅಂಗಡಿಗೆ ಹೋದರೂ ಟೈರಿಗೆ ಕೈ ಹಚ್ಚುವ ಮೊದಲೇ ಒಳಗೆ ಸೆನ್ಸರ್ ಇದೆ ಎಂದು ಹೇಳಿ. ಸೆನ್ಸರ್ ಇರುವುದು ವಾಲ್ವಿನ ಹಿಂದೆ, ರಿಮ್ಮಿನ ತಗ್ಗಿನಲ್ಲಿ. ಟೈರಿನ ಅಂಚನ್ನು ರಿಮ್ಮಿನಿಂದ ಬಿಡಿಸುವ ಯಂತ್ರದ ತಟ್ಟೆ ವಾಲ್ವಿನ ನೇರಕ್ಕೆ ಬಿದ್ದರೆ ಆ ಪ್ಲಾಸ್ಟಿಕ್ ಪೆಟ್ಟಿಗೆ ಪಟ್ಟೆಂದು ಮುರಿಯುತ್ತದೆ. ಲೋಹದ ವಾಲ್ವ್ ಇರುವ ಸೆನ್ಸರ್‌ಗಳಲ್ಲಿ ಟೈರು ಬದಲಿಸಿದಾಗಲೆಲ್ಲ ರಬ್ಬರ್ ವಾಷರನ್ನೂ ವಾಲ್ವಿನ ಒಳಗಿನ ಪಿನ್ನನ್ನೂ ಹೊಸದಾಗಿ ಹಾಕಿಸಿ. ನಿಮ್ಮ ಎಡ ಹಿಂದಿನ ಚಕ್ರದಲ್ಲಿ ನಿಜವಾಗಿಯೂ ಗಾಳಿ ಇಳಿಯುತ್ತಿದ್ದರೆ ಮೊದಲು ನೋಡಬೇಕಾದ ಜಾಗ ಅದೇ. ಸೋಪಿನ ನೀರು ಬಿಟ್ಟರೆ ಗುಳ್ಳೆ ಏಳುವುದು ಕಾಣುತ್ತದೆ. ಅಂದಕ್ಕೆಂದು ಹಿತ್ತಾಳೆಯ ಮುಚ್ಚಳ ಹಾಕಿಸಬೇಡಿ. ಅಲ್ಯುಮಿನಿಯಂ ವಾಲ್ವಿಗೆ ಹಿತ್ತಾಳೆ ತಗುಲಿ, ಮಳೆನೀರಿನಲ್ಲಿ ಕಚ್ಚಿಕೊಂಡು, ಆಮೇಲೆ ತಿರುಗಿಸಲು ಹೋದರೆ ವಾಲ್ವೇ ಮುರಿದು ಬರುತ್ತದೆ. ಪ್ಲಾಸ್ಟಿಕ್ ಮುಚ್ಚಳವೇ ಸಾಕು.

ಪಂಕ್ಚರ್ ತಾನೇ ಮುಚ್ಚಿಕೊಳ್ಳುತ್ತದೆ ಎಂದು ಟೈರಿನೊಳಗೆ ಸುರಿಯುವ ದ್ರಾವಣ ಸೆನ್ಸರ್‌ನ ಸಣ್ಣ ರಂಧ್ರವನ್ನು ಮುಚ್ಚಿಬಿಡಬಹುದು. ಆಮೇಲೆ ಟೈರಿನಲ್ಲಿ ಗಾಳಿ ಎಷ್ಟೇ ಇದ್ದರೂ ಪರದೆಯಲ್ಲಿ ಒಂದೇ ಅಂಕಿ ನಿಂತಿರುತ್ತದೆ. ಸೆನ್ಸರ್‌ಗೆ ತೊಂದರೆ ಮಾಡುವುದಿಲ್ಲ ಎಂದು ಡಬ್ಬಿಯ ಮೇಲೆ ಬರೆದಿರದ ದ್ರಾವಣವನ್ನು ನಾನು ಈ ಕಾರುಗಳಿಗೆ ಹಾಕುವುದಿಲ್ಲ.

ಹಿಂದಿನ ಮುಂದಿನ ಟೈರುಗಳನ್ನು ಅದಲು ಬದಲು ಮಾಡಿಸಿದಾಗ, ಯಾವ ಸೆನ್ಸರ್ ಎಲ್ಲಿದೆ ಎಂದು ಕಾರಿಗೆ ಮತ್ತೆ ತಿಳಿಸಿಕೊಡಬೇಕು. ಕೆಲವು ಕಾರುಗಳು ಸ್ವಲ್ಪ ದೂರ ಓಡಿದ ಮೇಲೆ ತಾವೇ ಕಲಿತುಕೊಳ್ಳುತ್ತವೆ, ಕೆಲವಕ್ಕೆ ಉಪಕರಣ ಹಿಡಿದು ಕಲಿಸಬೇಕು. ಕಲಿಸದೆ ಬಿಟ್ಟರೆ ಎಡ ಹಿಂದಿನ ಚಕ್ರದಲ್ಲಿ ಗಾಳಿ ಕಡಿಮೆ ಎಂದು ಪರದೆ ಹೇಳುತ್ತಿರುತ್ತದೆ, ಗಾಳಿ ಇಳಿಯುತ್ತಿರುವುದು ಎಡ ಮುಂದಿನದರಲ್ಲಿ. ಕೈಮೀಟರಿನ ಅಂಕಿಯನ್ನು ಪರದೆಯೊಂದಿಗೆ ಹೋಲಿಸಲು ಹೊರಟಿರುವ ನೀವು ಇದನ್ನೊಮ್ಮೆ ಖಚಿತ ಮಾಡಿಕೊಳ್ಳುವುದು ಒಳ್ಳೆಯದು. ಒಂದು ಚಕ್ರದಲ್ಲಿ ಬೇಕೆಂದೇ 3 ಪಿಎಸ್‌ಐ ಇಳಿಸಿ, ಸ್ವಲ್ಪ ದೂರ ಓಡಿಸಿ, ಪರದೆಯಲ್ಲಿ ಅದೇ ಚಕ್ರದ ಅಂಕಿ ಇಳಿಯಿತೇ ಎಂದು ನೋಡಿ ಮತ್ತೆ ತುಂಬಿಸಿದರೆ ಆಯಿತು.

ದೀಪ ಹೊತ್ತುವ ರೀತಿಯಲ್ಲೂ ವ್ಯತ್ಯಾಸವಿದೆ. ಕಾರು ಆನ್ ಮಾಡಿದಾಗ ನೇರವಾಗಿ ಹೊತ್ತಿ ಆರದೆ ಉಳಿದರೆ ಗಾಳಿ ಕಡಿಮೆ. ಮೊದಲು ಒಂದು ನಿಮಿಷ ಅಥವಾ ಇನ್ನೂ ಸ್ವಲ್ಪ ಹೊತ್ತು ಮಿಣಮಿಣ ಎಂದು, ಆಮೇಲೆ ನಿಂತು ಉರಿದರೆ ಬಹಳಷ್ಟು ಕಾರುಗಳಲ್ಲಿ ಅದರ ಅರ್ಥ ಯಾವುದೋ ಸೆನ್ಸರ್‌ನಿಂದ ಸಂದೇಶ ಬರುತ್ತಿಲ್ಲ ಎಂದು. ಬ್ಯಾಟರಿ ಮುಗಿದಾಗ ಹೀಗಾಗುತ್ತದೆ. ಸಾಮಾನ್ಯವಾಗಿ ಐದರಿಂದ ಹತ್ತು ವರ್ಷ ಬರುವ ಆ ಬ್ಯಾಟರಿಯನ್ನು ಅಂಟಿನಲ್ಲಿ ಹುದುಗಿಸಿರುವುದರಿಂದ ಅದೊಂದನ್ನೇ ಬದಲಿಸಲು ಬರುವುದಿಲ್ಲ, ಇಡೀ ಸೆನ್ಸರ್ ಹೊಸದು ಹಾಕಬೇಕು. ಆದ್ದರಿಂದ ಹಳೆಯ ಕಾರಿಗೆ ಹೊಸ ಟೈರು ಹಾಕಿಸುವಾಗಲೇ ಸೆನ್ಸರ್‌ಗಳ ವಯಸ್ಸನ್ನೂ ಕೇಳಿಕೊಂಡರೆ ಟೈರನ್ನು ಎರಡು ಸಲ ಬಿಚ್ಚುವ ಖರ್ಚು ಉಳಿಯುತ್ತದೆ.

ಪಂಕ್ಚರ್ ಆಗಿ ಸ್ಟೆಪ್ನಿ ಹಾಕಿಕೊಂಡಾಗಲೂ ದೀಪ ಹೀಗೆಯೇ ಮಿಣುಕುತ್ತದೆ, ಏಕೆಂದರೆ ಅನೇಕ ಕಾರುಗಳ ಸ್ಟೆಪ್ನಿಯಲ್ಲಿ ಸೆನ್ಸರ್ ಇರುವುದಿಲ್ಲ. 2020ರ ಜುಲೈನಲ್ಲಿ ಬಂದ ನಿಯಮದ ತಿದ್ದುಪಡಿಯಂತೆ ಟ್ಯೂಬ್‌ಲೆಸ್ ಟೈರು, ರಿಪೇರಿ ಕಿಟ್ಟು ಮತ್ತು ಟಿಪಿಎಂಎಸ್ ಇರುವ ಕಾರುಗಳು ಸ್ಟೆಪ್ನಿಯೇ ಇಲ್ಲದೆ ಬರಬಹುದು, ಆದ್ದರಿಂದ ನಿಮ್ಮ ಡಿಕ್ಕಿಯಲ್ಲಿ ಏನಿದೆ ಎಂದು ಊಟಿಗೆ ಹೊರಡುವ ಮೊದಲೇ ತೆಗೆದು ನೋಡಿ. ಸ್ಟೆಪ್ನಿ ಇದ್ದು ಅದರಲ್ಲಿ ಸೆನ್ಸರ್ ಇಲ್ಲದಿದ್ದರೆ ಅದರ ಗಾಳಿಯನ್ನು ಪರದೆ ಎಂದೂ ತೋರಿಸುವುದಿಲ್ಲ, ಕೈಮೀಟರಿನಿಂದಲೇ ಅಳೆಯಬೇಕು. ತಾತ್ಕಾಲಿಕ ಬಳಕೆಗೆಂದು ಕೊಡುವ ಸಣ್ಣ ಸ್ಟೆಪ್ನಿಯಾದರೆ ಅದಕ್ಕೆ ಬೇಕಾಗುವುದು ಸಾಮಾನ್ಯವಾಗಿ 60 ಪಿಎಸ್‌ಐ, ಅದರ ಪಕ್ಕೆಯ ಮೇಲೇ ಬರೆದಿರುತ್ತದೆ; ಬಂಕಿನಲ್ಲಿ ಉಳಿದ ನಾಲ್ಕರಂತೆ ಅದಕ್ಕೂ 33 ಹಿಡಿದುಬಿಡದಂತೆ ಹುಡುಗರಿಗೆ ಹೇಳಿ ತುಂಬಿಸಿ.